ಐಸ್‌ಲ್ಯಾಂಡಿನಲ್ಲಿ ಒಂದೇ ಮನೆಯವರಿಗೆ ಬೇರೆ ಬೇರೆ ಸರ್‌ನೇಮ್ ಯಾಕೆ?

ಅಪ್ಪ, ಅಮ್ಮ, ಮಗ, ಮಗಳು, ನಾಲ್ಕು ಜನಕ್ಕೂ ನಾಲ್ಕು ಸರ್‌ನೇಮ್ ಹೇಗೆ ಬರುತ್ತದೆ ಅಂತ ಕೇಳಿದ್ದೀರಿ. ಐಸ್‌ಲ್ಯಾಂಡಿನ ಬಹುಪಾಲು ಜನಕ್ಕೆ ಸರ್‌ನೇಮೇ ಇಲ್ಲ. ಕೊನೆಯಲ್ಲಿರುವುದು 'ಇಂಥವರ ಮಗ', 'ಇಂಥವರ ಮಗಳು' ಅನ್ನುವ ಮಾತು, ಅಷ್ಟೇ.

ಯೋನ್ ಐನಾರ್ಸನ್, ಹೆಲ್ಗಾ ಪಾಲ್ಸ್‌ದೋತ್ತಿರ್ ಅಂತ ಗಂಡ ಹೆಂಡತಿ ಇದ್ದಾರೆ ಎಂದುಕೊಳ್ಳಿ. ಅವರ ಮಗ ಗುನ್ನಾರ್ ಯೋನ್ಸನ್, ಮಗಳು ಅನ್ನಾ ಯೋನ್ಸ್‌ದೋತ್ತಿರ್. ಮದುವೆಯಾದ ಮೇಲೂ ಹೆಲ್ಗಾ ಪಾಲ್‌ನ ಮಗಳೇ ಅಲ್ವಾ? ಹಾಗಾಗಿ ಅವಳ ಹೆಸರು ಬದಲಾಗುವುದಿಲ್ಲ. ಬೇಕಿದ್ದರೆ ಮಕ್ಕಳು ಅಮ್ಮನ ಹೆಸರು ಇಟ್ಟುಕೊಂಡು ಹೆಲ್ಗುಸನ್, ಹೆಲ್ಗುದೋತ್ತಿರ್ ಆಗಬಹುದು. 1980ರಲ್ಲಿ ಅಧ್ಯಕ್ಷೆಯಾಗಿ ಆಯ್ಕೆಯಾದ ವಿಗ್ದಿಸ್ ಫಿನ್ಬೋಗದೋತ್ತಿರ್ ಅವರನ್ನೂ ಅಲ್ಲಿನ ಜನ ವಿಗ್ದಿಸ್ ಅಂತಲೇ ಕರೆಯುತ್ತಾರೆ. ಟೆಲಿಫೋನ್ ಡೈರೆಕ್ಟರಿ ಅಚ್ಚಾಗುತ್ತಿದ್ದ ಕಾಲದಲ್ಲಿ ಅದರಲ್ಲೂ ಮೊದಲ ಹೆಸರಿನ ಪ್ರಕಾರವೇ ಹುಡುಕಬೇಕಿತ್ತು.

ನನಗೆ ಜಾಸ್ತಿ ಇಷ್ಟವಾಗುವುದು ಇದರ ವ್ಯಾಕರಣ. ಯೋನ್ಸನ್ ಅನ್ನು ಅವರ ಲಿಪಿಯಲ್ಲಿ ಬರೆದರೆ ಎರಡು 'ಸ್' ಇರುತ್ತವೆ. ಮೊದಲನೆಯದು ಷಷ್ಠಿ ಪ್ರತ್ಯಯ, 'ರಾಮನ ಮಗ' ಅನ್ನುವಾಗ ನಾವು ಹಚ್ಚುವಂಥದ್ದು. ಎರಡನೆಯದು 'ಸನ್' ಪದದ ಸ್. ಎಲ್ಲ ಹೆಸರಿಗೂ ಸ್ ಬರುವುದಿಲ್ಲ, ಹೆಲ್ಗಾ ಹೆಲ್ಗು ಆಗಿದ್ದು ನೋಡಿ. ರಾಮನಿಗೆ, ರಾಮನನ್ನು ಅಂದರೂ ನಮ್ಮ 'ರಾಮ' ಹಾಗೇ ಉಳಿಯುತ್ತಾನೆ. ಅಲ್ಲಿ ಹೆಸರಿನ ಒಳಗಿನ ಸ್ವರವೇ ಬದಲಾಗಬಹುದು. ಬ್ಯೋರ್ನ್ ಬಂದ, ಆದರೆ ಪುಸ್ತಕ ಕೊಟ್ಟಿದ್ದು 'ಬಿರ್ನಿ'ಗೆ. ಇಲ್ಲಿ 'ಗೆ' ನಾನು ಸೇರಿಸಿದ್ದು, ಅವರಿಗೆ ಬಿರ್ನಿ ಅಂದರೇ ಸಾಕು. ಅನ್ನಾ ಮೊದಲ ಅಕ್ಷರವನ್ನೇ ಬದಲಿಸಿಕೊಂಡು, ಹೆಚ್ಚುಕಡಿಮೆ 'ಓನ್ನು' ಆಗುತ್ತಾಳೆ.

ಕಾನೂನಿಗೂ ಈ ವ್ಯಾಕರಣ ಮುಖ್ಯ. ಹೊಸದಾಗಿ ಕುಟುಂಬದ ಹೆಸರು ಇಟ್ಟುಕೊಳ್ಳುವುದನ್ನು 1925ರಲ್ಲೇ ನಿಷೇಧಿಸಿದರು. 1991ರಿಂದ ಹೆಸರುಗಳನ್ನು ನೋಡಲೆಂದೇ ಒಂದು ಸಮಿತಿ ಇದೆ. ಹೊಸ ಹೆಸರು ಐಸ್‌ಲ್ಯಾಂಡಿಕ್ ಷಷ್ಠಿ ಪ್ರತ್ಯಯ ತೆಗೆದುಕೊಳ್ಳುವಂತಿರಬೇಕು, ಇಲ್ಲವೇ ಆಗಲೇ ಬಳಕೆಯಲ್ಲಿ ಊರಿರಬೇಕು. ಹೊರಗಿನವರು ಇದನ್ನು ಸುಮ್ನೆ ಹಠ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರತ್ಯಯ ಹತ್ತದ ಹೆಸರಿನಿಂದ ಮುಂದಿನ ತಲೆಮಾರಿನ ಹೆಸರು ಕಟ್ಟುವುದು ಕಷ್ಟ.

2019ರ ಕಾನೂನು ಬಂದ ಮೇಲೆ, ಗಂಡು ಹೆಣ್ಣು ಎರಡೂ ಅಲ್ಲ ಅಂತ ನೋಂದಾಯಿಸಿಕೊಂಡವರು ಸನ್, ದೋತ್ತಿರ್ ಬದಲು 'ಬುರ್' ಹಚ್ಚಿಕೊಳ್ಳಬಹುದು. ಅದೂ ಬೇಡವೆಂದರೆ ಷಷ್ಠಿಯಲ್ಲೇ ನಿಲ್ಲಿಸಿ, ಬರೀ 'ಯೋನ್ಸ್' ಅಂತ ಬರೆದುಕೊಳ್ಳಬಹುದು.