180 ಜನ ಕಡಿಮೆ ಏನಲ್ಲ

ಎರಡು ವರ್ಷದಿಂದ ಇನ್‌ಸ್ಟಾಗ್ರಾಂನಲ್ಲಿ ಕೈತೋಟದ ಬಗ್ಗೆ ಬರೆಯುತ್ತಿದ್ದೀರಿ, ಫಾಲೋವರ್ಸ್ 180 ದಾಟುತ್ತಿಲ್ಲ. ಬಸಳೆ ಎಲೆಗೆ ಚುಕ್ಕೆ ಬಂದಿದೆ ಅಂತ ಹಾಕಿದ ಫೋಟೋಗೆ ಸಿಕ್ಕಿದ್ದು ಆರೇ ಲೈಕು. ದುಡ್ಡು ಕೊಟ್ಟು ಫಾಲೋವರ್ಸ್ ತೆಗೆದುಕೊಳ್ಳಲೇ, ಇಲ್ಲ ನಿಲ್ಲಿಸಿಬಿಡಲೇ ಅಂತ ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಮಾಡಬೇಡಿ. ಯಾಕೆ ಅಂತ ನನ್ನದೇ ಕಥೆ ಹೇಳ್ತೇನೆ.

ನಮ್ಮದು ಉಡುಪಿ ಹತ್ತಿರದ ಶಂಕರಪುರ. ಮಲ್ಲಿಗೆಯ ಊರು. ಬೆಳಿಗ್ಗೆ ಮೊಗ್ಗು ಕೊಯ್ದು ತಂದರೆ ಅಮ್ಮ ಚಾವಡಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಲೆಕ್ಕ ತುಟಿಯಲ್ಲೇ ನಡೆಯುತ್ತದೆ. ನಡುವೆ ಯಾರಾದರೂ ಮಾತಾಡಿಸಿದರೆ ತಲೆ ಎತ್ತದೆ ಕೈ ಮಾತ್ರ ಎತ್ತುತ್ತಾರೆ, ಸ್ವಲ್ಪ ನಿಲ್ಲು ಅಂತ.

ಆ ಕೈಯದ್ದೊಂದು ರೀಲ್ಸ್ ಹಾಕಿದೆ. ಒಂದೇ ವಾರಕ್ಕೆ ಎರಡು ಲಕ್ಷ ಜನ ನೋಡಿದರು. 300 ಇದ್ದ ಫಾಲೋವರ್ಸ್ 11,000 ಆದರು. ಖುಷಿ ಆಯ್ತು, ಸುಳ್ಳು ಹೇಳಲ್ಲ. ಆಮೇಲೆ ರಾತ್ರಿ ಎಚ್ಚರ ಆದರೂ ಫೋನು ನೋಡುವ ಅಭ್ಯಾಸ ಬಂತು. ಮುಂದಿನ ವೀಡಿಯೊ ಓಡಲಿಲ್ಲ. ಇನ್ನೊಂದೂ ಓಡಲಿಲ್ಲ. ಒಂದು ದಿನ ಬೆಳಕು ಸರಿ ಬಂದಿಲ್ಲ ಅಂತ ಅಮ್ಮನಿಗೆ, ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಮ್ಮ ಅಂದೆ. ಬಿಚ್ಚಿದರೆ ಮೊಗ್ಗಿನ ತೊಟ್ಟು ನಲುಗುತ್ತದೆ. ಅಮ್ಮ ಬಿಚ್ಚಿದರು, ಕಟ್ಟಿದರು. ಆ ಚೆಂಡನ್ನು ಮಾತ್ರ ಹೂ ಮಾರುವ ಕಟ್ಟೆಗೆ ಕಳಿಸಲಿಲ್ಲ, ದೇವರ ಫೋಟೋಗೆ ಹಾಕಿದರು. ನನಗೆ ಏನೂ ಹೇಳಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. 300 ಜನ ಇದ್ದಾಗಿನಿಂದಲೂ ಬೈಂದೂರು ಕಡೆಯ ಒಬ್ಬ ಅಕ್ಕ ಪ್ರತಿ ಪೋಸ್ಟಿಗೂ ಒಂದು ಮಾತು ಬರೆಯುತ್ತಿದ್ದರು. ಮಳೆಗಾಲದಲ್ಲಿ ಅವರೊಂದು ಮೆಸೇಜ್ ಕಳಿಸಿದ್ದರು, ಮಲ್ಲಿಗೆ ಗಿಡದ ಎಲೆ ಹಳದಿಯಾಗಿ ಉದುರುತ್ತಿದೆ, ಏನು ಮಾಡಲಿ ಅಂತ. ಬುಡದಲ್ಲಿ ನೀರು ನಿಂತು ಬೇರು ಕೊಳೆಯುವ ಲಕ್ಷಣ ಅದು. ಮಣ್ಣು ಬಿಡಿಸಿ ನೀರು ಬಸಿದು ಹೋಗುವ ಹಾಗೆ ಮಾಡಿದ್ದರೆ ಗಿಡ ಉಳಿಯುತ್ತಿತ್ತೇನೋ. ನಾನು ಆ ಮೆಸೇಜ್ ನೋಡಿದ್ದು 40 ದಿನ ಆದ ಮೇಲೆ. ಗಾಬರಿಯಿಂದ ಉತ್ತರ ಬರೆದೆ. 'ಗಿಡ ಸತ್ತ್ ಹೋಯ್ತ್, ಅಡ್ಡಿಲ್ಲ ಬಿಡಿ' ಅಂತ ಬಂತು. ಆ 'ಅಡ್ಡಿಲ್ಲ' ಅನ್ನುವ ಮಾತು ಇವತ್ತಿಗೂ ಚುಚ್ಚುತ್ತದೆ.

ನಮ್ಮ ಗಿಡದ ನಾಲ್ಕು ಗೆಲ್ಲು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ. ಅಕ್ಕ ಆ ಖಾಲಿ ಕುಂಡವನ್ನು ಅಂಗಳದ ಮೂಲೆಯಲ್ಲಿ ಹಾಗೇ ಇಟ್ಟುಕೊಂಡಿದ್ದರು. ಇಬ್ಬರೂ ಸೇರಿ ಮಣ್ಣು ಬದಲಾಯಿಸಿ ನೆಟ್ಟೆವು. ಎರಡು ಗೆಲ್ಲು ಚಿಗುರಿತು. ಆವತ್ತು ಅವರ ಮನೆಯಲ್ಲಿ ಊಟ ಮಾಡಿ ಕೂತು ಮಾತಾಡಿದ್ದಷ್ಟು ಆ 11,000 ಜನರಲ್ಲಿ ಬೇರೆ ಯಾರ ಜೊತೆಗೂ ನಾನು ಮಾತಾಡಿಲ್ಲ.

ಫೇಸ್‌ಬುಕ್‌ನಲ್ಲಿ ಲೈಕ್ ಬಟನ್ ಬಂದದ್ದೇ 2009ರಲ್ಲಿ. ಅದಕ್ಕೂ ಮೊದಲು ಇಷ್ಟ ಆಯ್ತು ಅಂತ ತಿಳಿಸಬೇಕಾದರೆ ಒಂದು ಮಾತಾದರೂ ಬರೆಯಬೇಕಿತ್ತು. ರಾಬಿನ್ ಡನ್‌ಬಾರ್ ಅಂತ ಬ್ರಿಟನ್ನಿನ ಒಬ್ಬ ವಿಜ್ಞಾನಿ ಇದ್ದಾರೆ. ಮಂಗಗಳ ಮಿದುಳಿನ ಗಾತ್ರ, ಗುಂಪಿನ ಗಾತ್ರ ಎರಡನ್ನೂ ಹೋಲಿಸಿ, ಒಬ್ಬ ಮನುಷ್ಯ ನಿಜವಾಗಿ ಸಂಬಂಧ ಇಟ್ಟುಕೊಳ್ಳಲು ಆಗುವುದು ಸುಮಾರು 150 ಜನರ ಜೊತೆ ಅಂತ 1990ರ ದಶಕದಲ್ಲಿ ಅವರು ಬರೆದರು. ಅದರಲ್ಲೂ ತೀರಾ ಹತ್ತಿರದವರು ಐದೇ ಜನ ಅಂತೆ. ಲೆಕ್ಕದ ಬಗ್ಗೆ ಬೇರೆ ವಿಜ್ಞಾನಿಗಳ ತಕರಾರು ಇದೆ, ಇರಲಿ. ನಿಮ್ಮ ಹತ್ತಿರ 180 ಜನ ಇದ್ದಾರೆ, ಅಲ್ವಾ?

ದುಡ್ಡು ಕೊಟ್ಟರೆ ಬರುವುದು ಬಹುಪಾಲು ನಕಲಿ ಖಾತೆಗಳು. ಅವುಗಳಿಗೆ ಬಸಳೆ ಬೇಡ, ನೀವೂ ಬೇಡ. ಲೈಕಿನ ಸಂಖ್ಯೆ ಕಣ್ಣಿಗೆ ಬಿದ್ದರೆ ಬೇಜಾರಾಗುತ್ತದೆ ಅಂತಾದರೆ ಅದನ್ನು ಮುಚ್ಚಿಡಬಹುದು. ಇನ್‌ಸ್ಟಾಗ್ರಾಂ 2021ರಿಂದ ಎಲ್ಲರಿಗೂ ಆ ಆಯ್ಕೆ ಕೊಟ್ಟಿದೆ, ಪೋಸ್ಟಿನ ಮೂಲೆಯ ಮೂರು ಚುಕ್ಕೆ ಒತ್ತಿದರೆ ಸಿಗುತ್ತದೆ. ನಾನು ಮುಚ್ಚಿಟ್ಟಿದ್ದೇನೆ. ಈಗ ಬೆಳಿಗ್ಗೆ ಮೊದಲು ಮೆಸೇಜುಗಳಿಗೆ ಉತ್ತರ, ಆಮೇಲೆ ಪೋಸ್ಟು. ಕೆಲವು ದಿನ ಪೋಸ್ಟ್ ಹಾಕಲು ಸಮಯವೇ ಸಿಗಲ್ಲ. ಆ ಆರು ಲೈಕು ಕೊಟ್ಟವರಿಗೆ ನೀವೂ ಇವತ್ತೇ ಒಂದೊಂದು ಸಾಲು ಬರೆಯಿರಿ, ಅವರ ಮನೆಯಲ್ಲಿ ಏನು ನೆಟ್ಟಿದ್ದಾರೆ ಕೇಳಿ.

ಮತ್ತೆ ಆ ಬಸಳೆಯ ವಿಷಯ. ಚುಕ್ಕೆ ಬಂದ ಎಲೆಗಳನ್ನು ಕಿತ್ತು ದೂರ ಹಾಕಿ, ಬುಡದಲ್ಲಿ ಬಿಡಬೇಡಿ. ಎಲೆಯ ಮೇಲೆ ನೀರು ಹಾಕಬೇಡಿ, ಬುಡಕ್ಕೆ ಮಾತ್ರ ಸಾಕು. ಬಳ್ಳಿ ಒತ್ತೊತ್ತಾಗಿದ್ದರೆ ಗಾಳಿ ಆಡುವಷ್ಟು ಬಿಡಿಸಿಕೊಡಿ. ಹೊಸ ಎಲೆ ಬಂದಾಗ ಫೋಟೋ ಹಾಕಿ, ನಾನು ನೋಡ್ತೇನೆ.