ಸಾಸ್ಕಿಯಾ ಯಾಕೆ ಮಸುಕಾಗಿದ್ದಾಳೆ?

ಮಂಡ್ಯದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ನೀವು ಪ್ರಕಟಿಸಿದ ಡಚ್ ಕಲಾವಿದ ರೆಂಬ್ರಾಂಟನ ಎಚಿಂಗ್‌ನಲ್ಲಿ ಗಂಡನ ಮುಖ, ಟೋಪಿ ಎಲ್ಲ ಕಪ್ಪಾಗಿ ಮೂಡಿವೆ. ಹಿಂದೆ ಕುಳಿತ ಹೆಂಡತಿ ಮಾತ್ರ ಅರ್ಧಕ್ಕೆ ಬಿಟ್ಟಂತಿದ್ದಾಳೆ. ಇದು ನಿಮ್ಮ ಮುದ್ರಣದ ದೋಷವೋ, ಆತನಿಗೆ ಹೆಂಡತಿಯ ಮೇಲಿದ್ದ ಅಸಡ್ಡೆಯೋ?"

ನಮ್ಮ ಮುದ್ರಣದಲ್ಲಿ ದೋಷಗಳು ಆಗಾಗ ನುಸುಳುವುದುಂಟು. ಈ ಸಲ ಮಾತ್ರ ನಾವು ನಿರಪರಾಧಿಗಳು. ಅಸಡ್ಡೆಯ ಮಾತನ್ನೂ ಒಪ್ಪಲಾರೆ. ಚಿತ್ರದಲ್ಲಿರುವುದು ರೆಂಬ್ರಾಂಟ್ ಮತ್ತು ಅವನ ಹೆಂಡತಿ ಸಾಸ್ಕಿಯಾ. ಅದು 1636ರದು, ಅವಳನ್ನು ಆತ ಮದುವೆಯಾದದ್ದು 1634ರಲ್ಲಿ.

ಎಚಿಂಗ್‌ನಲ್ಲಿ ತಾಮ್ರದ ತಗಡಿಗೆ ಮೇಣದ ಲೇಪ ಕೊಟ್ಟು, ಅದರ ಮೇಲೆ ಸೂಜಿಯಿಂದ ಗೀಚುತ್ತಾರೆ. ಮೇಣ ಕಿತ್ತುಬಂದ ಕಡೆ ಆಮ್ಲ ತಾಮ್ರವನ್ನು ತಿನ್ನುತ್ತದೆ, ಆ ಗೀರಿನಲ್ಲಿ ಶಾಯಿ ನಿಲ್ಲುತ್ತದೆ, ಕಾಗದ ಒತ್ತಿದರೆ ಅದೇ ಅಚ್ಚಾಗಿ ಮೂಡುತ್ತದೆ. ಸೂಜಿ ಮೇಣವನ್ನಷ್ಟೇ ಕೆರೆಯಬೇಕಾದ್ದರಿಂದ ಗೆರೆ ಪೆನ್ನಿನಷ್ಟೇ ಸಲೀಸಾಗಿ ಓಡುತ್ತದೆ. ಆದರೆ ಈ ಸೂಜಿಗೆ ನೆರಳನ್ನು ಬಳಿಯಲು ಬರುವುದಿಲ್ಲ. ಗೆರೆಯ ಮೇಲೆ ಅಡ್ಡಗೆರೆ ಹಾಯಿಸಿ ಚಾಪೆಯಂತೆ ನೇಯಬೇಕು. ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟ ಗೆರೆ ಆಳಕ್ಕಿಳಿದು ಇನ್ನಷ್ಟು ಕಪ್ಪಾಗುತ್ತದೆ.

ಈಗ ಚಿತ್ರವನ್ನು ಮತ್ತೊಮ್ಮೆ ನೋಡಿ. ಟೋಪಿಯ ಅಂಚಿನ ನೆರಳು ಆತನ ಕಣ್ಣುಗಳ ಮೇಲೆಯೇ ಬಿದ್ದಿದೆ, ಗೆರೆಗಳು ಅಲ್ಲಿ ಉಸಿರಾಡಲೂ ಜಾಗವಿಲ್ಲದಂತೆ ಒತ್ತಿಕೊಂಡಿವೆ. ಅಲ್ಲಿಂದ ಸಾಸ್ಕಿಯಾಳ ಮುಖಕ್ಕೆ ಬಂದರೆ ಗೆರೆ ತೆಳುವಾಗಿ ದೂರದೂರವಾಗುತ್ತದೆ, ಕೆನ್ನೆಯ ಬಹುಭಾಗ ಬರೀ ಕಾಗದ. ನೀವು ಅರ್ಧಕ್ಕೆ ಬಿಟ್ಟದ್ದು ಎಂದಿರಿ. ನನಗೆ ಅದು ಅವಳಿಗಾಗಿ ಉಳಿಸಿದ ಬೆಳಕಿನಂತೆ ಕಾಣುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿಲ್ಲ. ನಮ್ಮ ಮನೆಗಳಲ್ಲಿ ಒಬ್ಬರು ಲೆಕ್ಕ ಬರೆಯುತ್ತಿದ್ದರೆ ಇನ್ನೊಬ್ಬರು ಪಕ್ಕದಲ್ಲೇ ಅಕ್ಕಿ ಆರಿಸುತ್ತಿರುತ್ತಾರಲ್ಲ, ಹಾಗೆ. ಯಾರೂ ತಲೆ ಎತ್ತುವುದಿಲ್ಲ, ಆದರೆ ಒಬ್ಬರು ಎದ್ದು ಹೋದರೆ ಇನ್ನೊಬ್ಬರಿಗೆ ತಕ್ಷಣ ಗೊತ್ತಾಗುತ್ತದೆ.

ಹಾಗೆಂದು ತನ್ನನ್ನು ಅಷ್ಟು ದೊಡ್ಡದಾಗಿ ಮುಂದೆ ಕೂರಿಸಿಕೊಂಡು ಅವಳನ್ನು ಪುಟ್ಟದಾಗಿ ಹಿಂದಿಟ್ಟದ್ದಕ್ಕೆ ನಿಮಗೆ ಸಿಟ್ಟು ಬಂದಿದ್ದರೆ, ಅದರ ಕೆಳಗೆ ನನ್ನದೂ ಒಂದು ಸಹಿ ಇರಲಿ.

1628ರಲ್ಲಿ, 22ರ ಆಸುಪಾಸಿನ ಹುಡುಗನಾಗಿದ್ದಾಗ ಆತ ಮಾಡಿದ, ಅವನ ತಾಯಿಯದೆಂದೇ ಹೇಳಿಕೊಂಡು ಬಂದಿರುವ ಮುಖವೊಂದಿದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಅಚ್ಚು. ಚಿತ್ರದಲ್ಲಿ ಇನ್ನೊಬ್ಬರಿಲ್ಲ, ಆದರೂ ಸಂಬಂಧ ಇದೆ: ಒಂದೊಂದು ಸುಕ್ಕಿಗೂ ಬೇರೆ ಬೇರೆ ಗಿಡ್ಡ ಗೆರೆ. ಅಷ್ಟು ಹತ್ತಿರ ಕುಳಿತು ನೋಡಲು ಬಿಡುವವರು ಮನೆಯವರೇ ಇರಬೇಕು.

ಮೈಸೂರಿಗೆ ಬಂದಾಗ ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಣ್ಣನ್ನು ಇದೇ ಕಣ್ಣಿನಿಂದ ನೋಡಿ. ಅದನ್ನು ರವಿವರ್ಮನದೆಂದು ಹೇಳುವವರು ಇಂದಿಗೂ ಇದ್ದಾರೆ, ಬರೆದವರು ಎಸ್.ಎಲ್. ಹಳದಣಕರ್, ದೀಪ ಹಿಡಿದು ನಿಂತವಳು ಅವರ ಮಗಳು. ಅದು ಜಲವರ್ಣವಾದ್ದರಿಂದ ನೆರಳು ನೀರಿನಂತೆಯೇ ಹರಡುತ್ತದೆ, ಎಲ್ಲಿ ಶುರುವಾಯಿತೆಂದು ಬೆರಳಿಟ್ಟು ತೋರಿಸಲಾಗದು. ಎಚಿಂಗ್‌ನಲ್ಲಿ ತೋರಿಸಬಹುದು. ಹಾಗೆಯೇ ನಮ್ಮ ಕಚೇರಿಗೂ ಬನ್ನಿ, ಭೂತಗನ್ನಡಿ ಕೊಡುತ್ತೇನೆ. ಸಾಸ್ಕಿಯಾಳ ಕೆನ್ನೆಯಲ್ಲಿ ಎಷ್ಟು ಗೆರೆಗಳಿವೆ ಎಂದು ನೀವೇ ಎಣಿಸಿ ಹೇಳಿ.

— ಸಂ.