90,000 ಕಿ.ಮೀ. ಓಡಿದ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಫ್ಲೂಯಿಡ್, ಫಿಲ್ಟರ್ ಬದಲಿಸಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕಾರು 90,000 ಕಿ.ಮೀ. ಓಡಿದೆ, ಗೇರ್ ಇನ್ನೂ ನಯವಾಗಿ ಬೀಳುತ್ತಿದೆ. ಸರ್ವಿಸ್ ಸೆಂಟರ್‌ನವರು "ಒಳಗಿರೋ ಫ್ಲೂಯಿಡ್ ಕಾರಿನ ಆಯಸ್ಸು ಪೂರ್ತಿ ಬರುತ್ತೆ, ಮುಟ್ಟಬೇಡಿ" ಅನ್ನುತ್ತಾರೆ. ಹೊರಗಿನ ಮೆಕ್ಯಾನಿಕ್ "ಮೆಷಿನ್ ಹಾಕಿ ಫ್ಲಷ್ ಮಾಡೋಣ, ಫಿಲ್ಟರೂ ಬದಲಿಸೋಣ" ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ಇಬ್ಬರದ್ದೂ ಪೂರ್ತಿ ಬೇಡ. ಫ್ಲೂಯಿಡ್ ಬದಲಿಸಿ, ಆದರೆ ಫ್ಲಷ್ (ಮೆಷಿನ್‌ನಿಂದ ಹೊಸ ಫ್ಲೂಯಿಡ್ ನುಗ್ಗಿಸಿ ಹಳೆಯದನ್ನು ಹೊರದಬ್ಬುವುದು) ಬೇಡ. ಪ್ಯಾನ್ (ಗೇರ್‌ಬಾಕ್ಸ್‌ನ ತಳದಲ್ಲಿ ಫ್ಲೂಯಿಡ್ ನಿಲ್ಲುವ ತಟ್ಟೆ) ಬಿಚ್ಚಿದರೆ ಫಿಲ್ಟರ್ ಕೈಗೆ ಸಿಗುತ್ತದೆ ಅಂತಾದರೆ ಅದನ್ನೂ ಬದಲಿಸಿ. ಇನ್ನೊಂದು ಮಾತು: ಈ ಕೆಲಸ ಕೆಡುವುದು ಹೆಚ್ಚಾಗಿ ಫಿಲ್ಟರ್ ಹತ್ತಿರ ಅಲ್ಲ, ಕೊನೆಯಲ್ಲಿ ಫ್ಲೂಯಿಡ್ ಮಟ್ಟ ನೋಡುವಾಗ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮದು ಯಾವ ಬಗೆಯ ಆಟೋಮ್ಯಾಟಿಕ್ ಅಂತ ನೋಡಿಕೊಳ್ಳಿ. ಎಎಂಟಿ ಆದರೆ ಅದು ಮ್ಯಾನ್ಯುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸ ಯಂತ್ರ ಮಾಡುತ್ತದೆ, ಅಷ್ಟೆ. ಅಲ್ಲಿ ಈ ಫಿಲ್ಟರ್ ಪ್ರಶ್ನೆಯೇ ಇಲ್ಲ. ಸಿವಿಟಿ (ಗೇರ್‌ಗಳ ಬದಲು ಬೆಲ್ಟ್ ಇರುವುದು) ಮತ್ತು ಡಿಸಿಟಿ (ಎರಡು ಕ್ಲಚ್ ಇರುವುದು) ಗಳಿಗೆ ಅವುಗಳದ್ದೇ ಫ್ಲೂಯಿಡ್ ಇರುತ್ತದೆ. ಕೆಳಗೆ ಬರೆದಿರುವುದು ಟಾರ್ಕ್ ಕನ್ವರ್ಟರ್ (ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ದ್ರವದ ಮೂಲಕ ಶಕ್ತಿ ದಾಟಿಸುವ ಭಾಗ) ಇರುವ ಮಾಮೂಲಿ ಆಟೋಮ್ಯಾಟಿಕ್ ಬಗ್ಗೆ.

ಇಲ್ಲಿ ಫ್ಲೂಯಿಡ್ ಸುಮ್ನೆ ಜಾರಿಸುವ ಎಣ್ಣೆ ಅಲ್ಲ. ಎಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರ್ ದಾಟಿಸುವುದು ಇದೇ. ಕ್ಲಚ್ ಪ್ಲೇಟ್‌ಗಳನ್ನು ಒತ್ತಿ ಹಿಡಿಯುವ ಒತ್ತಡ ಇದರದ್ದೇ. ಒಳಗಿನ ಶಾಖವನ್ನು ಕೂಲರ್‌ಗೆ ಹೊತ್ತೊಯ್ಯುವುದೂ ಇದೇ. ಇಷ್ಟೆಲ್ಲ ಮಾಡುವ ದ್ರವ ಬಿಸಿಗೆ ಹಳೆಯದಾಗುತ್ತದೆ, ಅದರಲ್ಲಿ ಬೆರೆಸಿದ ರಾಸಾಯನಿಕಗಳು ಸವೆಯುತ್ತವೆ. ನಿಂತು ನಿಂತು ಸಾಗುವ ಟ್ರಾಫಿಕ್, ಭಾರ ಎಳೆಯುವುದು, ಉದ್ದನೆಯ ಘಾಟಿ, ಇವೆಲ್ಲ ಅದನ್ನು ಬೇಗ ಮುಗಿಸುತ್ತವೆ. ಬಹಳಷ್ಟು ಕಂಪನಿಗಳ ಕಾರುಗಳಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ತನ್ನ ಗೇರ್‌ಬಾಕ್ಸ್‌ಗಳ ಎಣ್ಣೆಯನ್ನು, ಓಡಿಸುವ ರೀತಿ ನೋಡಿಕೊಂಡು, 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ 8 ವರ್ಷಕ್ಕೆ ಬದಲಿಸಿ ಅನ್ನುತ್ತದೆ. ಅದೇ ಗೇರ್‌ಬಾಕ್ಸ್ ಇರುವ ಕೆಲವು ಕಾರುಗಳ ತಯಾರಕರು ಮಾತ್ರ ಬದಲಿಸುವುದೇ ಬೇಡ ಅಂದಿದ್ದಾರೆ. ಗೇರ್‌ಬಾಕ್ಸ್ ಮಾಡಿದವರ ಮಾತನ್ನೇ ನಾನು ನಂಬುತ್ತೇನೆ.

ಫಿಲ್ಟರ್ ವಿಷಯ. ಅದು ಪ್ಯಾನ್‌ನಲ್ಲಿ ನಿಂತ ಫ್ಲೂಯಿಡ್‌ಗೂ ಪಂಪ್‌ಗೂ ನಡುವೆ ಕೂತಿರುತ್ತದೆ. ಕೆಲವದರಲ್ಲಿ ಫೆಲ್ಟ್ ಬಟ್ಟೆ, ಕೆಲವದರಲ್ಲಿ ಬರೀ ಲೋಹದ ಜಾಲರಿ. ಜಾಲರಿ ಆದರೆ ತೊಳೆದು ಮತ್ತೆ ಹಾಕಬಹುದು. ಝಡ್‌ಎಫ್‌ನ ಹಲವು ಮಾದರಿಗಳಲ್ಲಿ ಪ್ಲಾಸ್ಟಿಕ್ ಪ್ಯಾನ್ ಮತ್ತು ಫಿಲ್ಟರ್ ಒಂದೇ ತುಂಡು, ಇಡೀ ಪ್ಯಾನ್ ಬದಲಿಸಬೇಕು. ಹೋಂಡಾದ ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಫಿಲ್ಟರ್ ಒಳಗೇ ಇರುತ್ತದೆ, ಗೇರ್‌ಬಾಕ್ಸ್ ಬಿಚ್ಚದೆ ಸಿಗುವುದೇ ಇಲ್ಲ. ಅಂಥದ್ದಾದರೆ ಫಿಲ್ಟರ್ ಚಿಂತೆ ಬಿಡಿ, ಫ್ಲೂಯಿಡ್ ಮಾತ್ರ ಬದಲಿಸುತ್ತಾ ಹೋಗಿ. ಫಿಲ್ಟರ್ ಕಟ್ಟಿಕೊಂಡರೆ ಪಂಪ್‌ಗೆ ಎಣ್ಣೆ ಸಾಲದೆ ಕೊಯ್ ಅನ್ನುವ ಸದ್ದು ಬರುತ್ತದೆ, ಡ್ರೈವ್‌ಗೆ ಹಾಕಿದಾಗ ಕಾರು ಹೊರಡಲು ತಡ ಮಾಡುತ್ತದೆ. ಬದಲಿಸುವಾಗ ಹಳೆಯ ಫಿಲ್ಟರ್‌ನ ರಬ್ಬರ್ ಸೀಲ್, ಫಿಲ್ಟರ್ ಕೂರುವ ಮೇಲಿನ ತೂತಿನಲ್ಲೇ ಅಂಟಿಕೊಂಡಿದೆಯಾ ಅಂತ ನೋಡಲೇಬೇಕು. ಅದರ ಮೇಲೆ ಹೊಸದನ್ನು ತುರುಕಿದರೆ ಫಿಲ್ಟರ್ ಸರಿಯಾಗಿ ಕೂರದೆ ಪಂಪ್ ಗಾಳಿ ಎಳೆಯುತ್ತದೆ.

ನನ್ನ ಪ್ರಕಾರ ಪ್ಯಾನ್ ಬಿಚ್ಚುವುದರ ದೊಡ್ಡ ಲಾಭ ಫಿಲ್ಟರ್ ಅಲ್ಲ, ಪ್ಯಾನ್‌ನ ತಳ ನೋಡಲು ಸಿಗುವುದು. ಅಲ್ಲಿ ಆಯಸ್ಕಾಂತಗಳಿರುತ್ತವೆ. ಅವುಗಳ ಮೇಲೆ ಬೂದಿ ಕಲಸಿದ ಹಾಗೆ ನುಣುಪಾದ ಲೇಪ ಇದ್ದರೆ ಅದು ಸಹಜ ಸವೆತ, ಒರೆಸಿ ಹಾಕಿ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಒಳಗೆ ಏನೋ ಒಡೆದಿದೆ. ಕಪ್ಪು ಪುಡಿ ಜಾಸ್ತಿ ಇದ್ದು ಸುಟ್ಟ ವಾಸನೆಯೂ ಬಂದರೆ ಕ್ಲಚ್ ಪ್ಲೇಟ್ ಸವೆದಿದೆ. ಫ್ಲೂಯಿಡ್ ಕಲಕಿದ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರ್‌ನ ಕೂಲಂಟ್ ಒಳಗೆ ಸೇರಿದೆ ಅಂತ ಅರ್ಥ. ಅದು ಎಲ್ಲಕ್ಕಿಂತ ಕೆಟ್ಟದ್ದು, ಯಾಕಂದರೆ ಕೂಲಂಟ್ ಕ್ಲಚ್ ಪ್ಲೇಟ್‌ನ ಅಂಟನ್ನೇ ಬಿಡಿಸುತ್ತದೆ. ಹಾಗಾಗಿದ್ದರೆ ಕಾರು ಓಡಿಸಬೇಡಿ.

ಫ್ಲಷ್ ಯಾಕೆ ಬೇಡ? ಪ್ಯಾನ್ ಬಿಚ್ಚದೆ ಮೆಷಿನ್ ಹಚ್ಚಿದರೆ ಹಳೆಯ ಫಿಲ್ಟರ್, ಹಳೆಯ ಕೆಸರು ಅಲ್ಲೇ ಉಳಿಯುತ್ತವೆ. ಅಲುಗಿದ ಕೊಳೆ ವಾಲ್ವ್ ಬಾಡಿಯ (ಫ್ಲೂಯಿಡ್ ಯಾವ ಕ್ಲಚ್‌ಗೆ ಹೋಗಬೇಕು ಅಂತ ತಿರುಗಿಸುವ ಭಾಗ) ಸಣ್ಣ ದಾರಿಗಳಿಗೆ ಹೋಗಿ ಸಿಕ್ಕಿಕೊಳ್ಳುವ ಭಯವೂ ಇದೆ. ಅದರ ಬದಲು ಇಳಿಸಿ ತುಂಬುವುದು ಒಳ್ಳೆಯದು. ಒಂದು ಸಲಕ್ಕೆ ಪೂರ್ತಿ ಬರುವುದಿಲ್ಲ, ಟಾರ್ಕ್ ಕನ್ವರ್ಟರ್‌ನಲ್ಲಿ, ಕೂಲರ್‌ನಲ್ಲಿ ಉಳಿದಿರುತ್ತದೆ. ಒಟ್ಟು 8 ಲೀಟರ್ ಹಿಡಿಯುವ ಗೇರ್‌ಬಾಕ್ಸ್‌ನಿಂದ 4 ಲೀಟರ್ ಇಳಿಯಿತು ಅಂದುಕೊಳ್ಳಿ. ಮೊದಲ ಸಲ ಅರ್ಧ ಹೊಸದು. ಸ್ವಲ್ಪ ದಿನ ಓಡಿಸಿ ಮತ್ತೆ ಮಾಡಿದರೆ ಮುಕ್ಕಾಲು. ಅಷ್ಟು ಸಾಕು ಅಲ್ವಾ.

ಈಗ ಮಟ್ಟ. ಹೊಸ ಗೇರ್‌ಬಾಕ್ಸ್‌ಗಳಲ್ಲಿ ಹೆಚ್ಚಿನವಕ್ಕೆ ಅಳೆಯುವ ಕಡ್ಡಿಯೇ ಇರುವುದಿಲ್ಲ, ಕೆಳಗೆ ಒಂದು ಚೆಕ್ ಪ್ಲಗ್ ಇರುತ್ತದೆ. ಫ್ಲೂಯಿಡ್ ಬಿಸಿಯಾದಂತೆ ಹಿಗ್ಗುತ್ತದೆ, ಹಾಗಾಗಿ ಕಾರಿನ ಕೈಪಿಡಿಯಲ್ಲಿ ಹೇಳಿದ ಉಷ್ಣತೆಯಲ್ಲೇ ನೋಡಬೇಕು. ಎಷ್ಟೋ ಮಾದರಿಗಳಲ್ಲಿ ಅದು 40 ಡಿಗ್ರಿ ಆಸುಪಾಸು. ಕಾರಿನ ಕಂಪ್ಯೂಟರ್‌ಗೆ ಸ್ಕ್ಯಾನರ್ ಹಾಕಿ ಉಷ್ಣತೆ ಓದಬೇಕು, ಕೈಯಲ್ಲಿ ಮುಟ್ಟಿ ಅಂದಾಜು ಮಾಡುವುದಲ್ಲ. ಕಾರು ಸಮತಟ್ಟಾಗಿ ನಿಲ್ಲಬೇಕು. ಸಾಮಾನ್ಯವಾಗಿ ಎಂಜಿನ್ ಓಡುತ್ತಿರಬೇಕು, ಬ್ರೇಕ್ ಒತ್ತಿ ಎಲ್ಲ ಗೇರ್‌ಗಳಿಗೂ ಒಮ್ಮೆ ಹಾಕಿ ಪಾರ್ಕ್‌ಗೆ ತರಬೇಕು, ಆಮೇಲೆ ಪ್ಲಗ್ ಬಿಚ್ಚಬೇಕು. ಹನಿಹನಿಯಾಗಿ ಬಂದರೆ ಸರಿ. ಹೋಂಡಾ ಮತ್ತೆ ಬೇರೆ, ಅದರ ಎಷ್ಟೋ ಮಾದರಿಗಳಲ್ಲಿ ಎಂಜಿನ್ ಆಫ್ ಮಾಡಿದ ಮೇಲೆ ನೋಡಬೇಕು. ಕಡಿಮೆಯಾದರೆ ಪಂಪ್ ಗಾಳಿ ಕುಡಿಯುತ್ತದೆ, ಜಾಸ್ತಿಯಾದರೆ ತಿರುಗುವ ಭಾಗಗಳು ಕಡೆದು ನೊರೆ ಬರಿಸುತ್ತವೆ. ಎರಡರಲ್ಲೂ ಕ್ಲಚ್ ಜಾರುತ್ತದೆ. ಹಾಂ, ಕೆಳಗಿನ ಪ್ಲಗ್‌ಗೆ ಕೈ ಹಾಕುವ ಮೊದಲು ತುಂಬುವ ಪ್ಲಗ್ ಬಿಚ್ಚುತ್ತದೆಯಾ ನೋಡಿ. ಎಲ್ಲ ಇಳಿಸಿದ ಮೇಲೆ ಅದು ತುಕ್ಕು ಹಿಡಿದಿದೆ ಅಂತ ಗೊತ್ತಾದರೆ ಕಾರು ಅಲ್ಲೇ ನಿಲ್ಲುತ್ತದೆ.

ಯಾವ ಫ್ಲೂಯಿಡ್? ಕಾರಿನ ಕೈಪಿಡಿಯಲ್ಲಿ ಬರೆದದ್ದೇ. ಡೆಕ್ಸ್ರಾನ್ 6, ಟೊಯೋಟಾ ಡಬ್ಲ್ಯುಎಸ್, ಹೋಂಡಾ ಡಿಡಬ್ಲ್ಯು-1, ಇವೆಲ್ಲ ನೋಡಲು ಕೆಂಪಗೆ ಒಂದೇ ಥರ, ಆದರೆ ಕ್ಲಚ್ ಎಷ್ಟು ಹಿಡಿಯಬೇಕು, ಎಷ್ಟು ಜಾರಬೇಕು ಅನ್ನುವ ಗುಣ ಬೇರೆ ಬೇರೆ. ಈ ಗುಣಕ್ಕಾಗಿ 1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು, ನಂಬುತ್ತೀರಾ? ಕಾನೂನು ಅದನ್ನು ತಡೆದ ಮೇಲೆ ಬದಲಿ ರಾಸಾಯನಿಕ ಹುಡುಕಲು ಎಂಜಿನಿಯರ್‌ಗಳು ಸಾಕಷ್ಟು ಒದ್ದಾಡಿದರು.

"ಹಳೆ ಗೇರ್‌ಬಾಕ್ಸ್‌ಗೆ ಹೊಸ ಫ್ಲೂಯಿಡ್ ಹಾಕಿದರೆ ಸತ್ತೇ ಹೋಗುತ್ತೆ" ಅಂತ ಹೆದರಿಸುವವರು ನಿಮಗೂ ಸಿಗುತ್ತಾರೆ. ಹೆಚ್ಚಿನ ಸಲ ನಡೆಯುವುದು ಇದು: ಗೇರ್ ಜಾರಲು ಶುರುವಾದ ಮೇಲೆ ಗಾಬರಿಯಿಂದ ಫ್ಲೂಯಿಡ್ ಬದಲಿಸುತ್ತಾರೆ, ಆಮೇಲೆ ಅದು ಕೈಕೊಟ್ಟಾಗ ಫ್ಲೂಯಿಡ್ ಮೇಲೆ ತಪ್ಪು ಹೊರಿಸುತ್ತಾರೆ. ಸವೆದ ಕ್ಲಚ್ ಯಾವ ಎಣ್ಣೆಯಿಂದಲೂ ಬೆಳೆಯುವುದಿಲ್ಲ. ನಿಮ್ಮದು ಇನ್ನೂ ಚೆನ್ನಾಗಿದೆ, ಆದ್ದರಿಂದ ಈಗಲೇ ಮಾಡಿಸಿ.

ಮೆಕ್ಯಾನಿಕ್ ಹತ್ತಿರ ಹೋದಾಗ ಎರಡೇ ಪ್ರಶ್ನೆ ಕೇಳಿ: ಯಾವ ಫ್ಲೂಯಿಡ್ ಹಾಕುತ್ತೀರಿ, ಎಷ್ಟು ಡಿಗ್ರಿಯಲ್ಲಿ ಮಟ್ಟ ನೋಡುತ್ತೀರಿ? ಎರಡನೆಯದಕ್ಕೆ ಉತ್ತರ ತಡವರಿಸಿದರೆ ಬೇರೆಯವರನ್ನು ಹುಡುಕಿ.